ಹಿಂಬದಿಯ ರಟ್ಟು

ಜನವರಿ 9

ಮಗಳೇ,

ಫೋನ್ ಮಾಡಬಹುದಿತ್ತು. ಆದರೆ ಕೋಪ ಬಂದಾಗ ನನ್ನ ದನಿ ಎಷ್ಟು ಏರುತ್ತದೆ ಎಂದು ನಿನಗೆ ಗೊತ್ತು, ಅಂಗಡಿಯ ಮೇಲಿನ ಮಹಡಿಯಲ್ಲೇ ಮನೆ ಇರುವುದೂ ಗೊತ್ತು. ನಿನ್ನಮ್ಮ ಈಗ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದಾಳೆ. ಅವಳ ಕಿವಿಗೆ ಇದು ಬೀಳಬಾರದು. ಅದಕ್ಕೇ ಗಾಜು ಕೊಯ್ಯುವ ಮೇಜಿನ ಮೇಲೆ ಕಾಗದ ಹರಡಿಕೊಂಡಿದ್ದೇನೆ. ನೀನೂ ಫೋನಿನಲ್ಲಿ ಬಾಯಿ ಬಿಡಬೇಡ. ಹೇಳುವುದಿದ್ದರೆ ಬರಿ.

ನಿನ್ನೆ ನಮ್ಮ ಬೀದಿಯ ಹಲ್ಲಿನ ಡಾಕ್ಟರು ಒಂದು ಚಿತ್ರ ತಂದರು. ಅವರ ಕ್ಲಿನಿಕ್ಕಿಗೆ ಹೊಸ ಬಣ್ಣ ಬಳಿಸಿದ್ದಾರಂತೆ, ಜನ ಕಾಯುವ ಕೋಣೆಗೆ ಕಟ್ಟು ಹಾಕಿದ ಆರು ಚಿತ್ರಗಳನ್ನು ಒಟ್ಟಿಗೆ ತರಿಸಿದ್ದಾರಂತೆ. ಗೆರೆ, ಚೌಕ, ತ್ರಿಕೋನ, ವೃತ್ತ. ಈಗ ಎಲ್ಲರ ಮನೆಯ ಸೋಫಾದ ಮೇಲೂ ನೇತಾಡುತ್ತವಲ್ಲ, ಅಂಥವು. ಒಂದರ ಗಾಜು ಬಿರುಕು ಬಿಟ್ಟಿತ್ತು. "ಬೇಗ ಹಾಕ್ಕೊಡಿ, ಹಲ್ಲು ಕೀಳಿಸಕ್ಕೆ ಬಂದೋರು ಗೋಡೆನಾದ್ರೂ ನೋಡ್ಲಿ" ಅಂದರು.

ಮಗುಚಿ ನೋಡಿದರೆ ಮರವೂ ಅಲ್ಲದ ಪ್ಲಾಸ್ಟಿಕ್ಕೂ ಅಲ್ಲದ ಪಟ್ಟಿ. ಹನ್ನೆರಡು ಮೊಳೆ ಬೇಕಾದ ಕಡೆ ಯಂತ್ರದಿಂದ ಹೊಡೆದ ನಾಲ್ಕು. ಮೂಲೆಯ ಸಂದಿನಲ್ಲಿ ಜಿರಳೆ ಸಂಸಾರ ಹೂಡಬಹುದು. ಇಂಥದ್ದನ್ನೂ ಕಟ್ಟು ಅನ್ನುತ್ತಾರೆ. ಗೊಣಗುತ್ತಲೇ ಚಿತ್ರ ಹೊರಗೆ ತೆಗೆದೆ. ಒಂದು ಕಪ್ಪು ಗೆರೆ, ಅದರ ಮೇಲೆ ಕೂತ ಕೆಂಪು ವೃತ್ತ. ವೃತ್ತದ ಎಡಮಗ್ಗುಲು ಸ್ವಲ್ಪ ಚಪ್ಪಟೆ.

ಆ ಚಪ್ಪಟೆಯನ್ನು ನಾನು ನಿದ್ದೆಗಣ್ಣಿನಲ್ಲೂ ಗುರುತಿಸುತ್ತೇನೆ. ನಮ್ಮ ಅಂಟಿನ ಡಬ್ಬಿಯ ಮುಚ್ಚಳ ಅಟ್ಟದಿಂದ ಬಿದ್ದು ನೆಗ್ಗಿತ್ತು. ನಿನ್ನಮ್ಮ ವೃತ್ತ ಎಳೆಯುತ್ತಿದ್ದದ್ದು ಅದನ್ನೇ ಇಟ್ಟುಕೊಂಡು. ಮುಚ್ಚಳ ಇನ್ನೂ ಇಲ್ಲೇ ಇದೆ. ತಂದು ಮೇಲಿಟ್ಟು ನೋಡಿದೆ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಹಿಂದಿನ ಚೀಟಿಯಲ್ಲಿ ನಿನ್ನ ಕಂಪನಿಯ ಹೆಸರಿದೆ. ಕೆಳಗೆ ಹೀಗಿದೆ: "ಆಧುನಿಕ ಜ್ಯಾಮಿತಿ. ಕಳೆದ ಶತಮಾನದ ಅಜ್ಞಾತ ಕಲಾವಿದನ ಆರು ಚಿತ್ರಗಳ ಪ್ರತಿ." ಅಜ್ಞಾತನಂತೆ! ಕಳೆದ ಶತಮಾನವಂತೆ! ಬದುಕಿರುವ ಹೆಂಗಸನ್ನು ಸಾಯಿಸಿ, ಗಂಡಸನ್ನಾಗಿ ಮಾಡಿ, ಮೇಲೆ ಹೆಸರೂ ಗೊತ್ತಿಲ್ಲ ಅನ್ನುತ್ತೀರಲ್ಲ, ನಿಮ್ಮ ಧೈರ್ಯಕ್ಕೆ ಏನನ್ನಬೇಕು? ಅವಳ ಹೆಸರು ಬಲಗಡೆ ಕೆಳಮೂಲೆಯಲ್ಲಿ ಇರುತ್ತಿತ್ತು. ಆ ಬೆರಳಗಲದ ಅಂಚನ್ನೇ ಕತ್ತರಿಸಿ ಎಸೆದಿದ್ದಾರೆ.

ಗಾಜು ಹಾಕಿ, ನಾನೇ ಕ್ಲಿನಿಕ್ಕಿಗೆ ಒಯ್ದು ಉಳಿದ ಐದನ್ನೂ ನೋಡಿ ಬಂದೆ. ಅವುಗಳ ವೃತ್ತಗಳನ್ನು ಯಾರೋ ತಿದ್ದಿ ಬಟ್ಟಲಿನ ಹಾಗೆ ಗುಂಡಗೆ ಮಾಡಿದ್ದಾರೆ. ನೀಲಿ ಇದ್ದಲ್ಲಿ ಬೂದು. ನಿನ್ನಮ್ಮ ಬೂದುಬಣ್ಣ ಬಳಿದದ್ದನ್ನು ಯಾರಾದರೂ ನೋಡಿದ್ದಾರೇನು?

ಚಿತ್ರಗಳಿಗೆ ಕಾಲು ಬಂದು ಅಲ್ಲಿಗೆ ನಡೆದು ಹೋಗಲಿಲ್ಲ. ಆ ಕಂಪನಿಯಲ್ಲಿ ನಮ್ಮ ಮನೆಯವರು ಇರುವುದು ಒಬ್ಬರೇ. ನನ್ನ ತಲೆಯ ಮೇಲೆ ವರ್ತಕರ ಸಂಘದ ಪ್ರಶಸ್ತಿಪತ್ರ ಹದಿಮೂರು ವರ್ಷದಿಂದ ನೇತಾಡುತ್ತಿದೆ, ದಪ್ಪ ರಟ್ಟಿನ ಮೇಲೆ ಚಿನ್ನದ ಅಕ್ಷರದಲ್ಲಿ "ಪ್ರಾಮಾಣಿಕ ಕುಶಲಕರ್ಮಿ" ಅಂತ. ಅದರ ಕೆಳಗೆ ಕೂತು ಹೇಳುತ್ತಿದ್ದೇನೆ, ಇನ್ನೊಬ್ಬರ ಕೆಲಸವನ್ನು ನಾನು ಯಾವತ್ತೂ ಮುಚ್ಚಿಟ್ಟವನಲ್ಲ. ನನ್ನ ಮಗಳು ಮುಚ್ಚಿಟ್ಟಳು ಅಂದರೆ ನಾನು ಯಾರಿಗೆ ಮುಖ ತೋರಿಸಲಿ?

ಉತ್ತರಕ್ಕೆ ಕಾಯುತ್ತಿರುವ,
ಅಪ್ಪ

*

ಜನವರಿ 21

ಅಪ್ಪಾ,

ಕೊಟ್ಟದ್ದು ನಾನೇ. ಸುತ್ತಿ ಬಳಸಿ ಹೇಳುವುದಿಲ್ಲ.

ನಮ್ಮ ಕಂಪನಿ ಮಾರುವುದು ಇಂಥವನ್ನೇ. ದೊಡ್ಡ ದೊಡ್ಡ ಕಲಾವಿದರ ಗೆರೆ-ಚೌಕಗಳ ಪ್ರತಿ ತೆಗೆದು, ಕಟ್ಟು ಹಾಕಿ, ಮನೆಗಳಿಗೆ ಕಳಿಸುತ್ತೇವೆ. ಯಾವ ಸೋಫಾಕ್ಕೆ ಯಾವ ಚಿತ್ರ ಒಪ್ಪುತ್ತದೆ ಎಂದು ಹೇಳುವುದು ನನ್ನ ಕೆಲಸ. ನಮ್ಮ ಮೇಲಧಿಕಾರಿಯನ್ನು ನಾವೆಲ್ಲ ಬೆನ್ನ ಹಿಂದೆ ಸೋಫಾ ಮೇಡಂ ಅನ್ನುತ್ತೇವೆ. ಹೋದ ವರ್ಷ ಅವರಿಗೆ ಬೇರೆ ಯಾವ ಅಂಗಡಿಯಲ್ಲೂ ಸಿಗದ ಆರು ಚಿತ್ರಗಳು ಬೇಕಾದವು. ನನ್ನ ಟ್ರಂಕಿನಲ್ಲಿ ಅಮ್ಮನ ಆರು ಇದ್ದವು. ಹೆಸರಿನ ಅಂಚಿಗೆ ಕಾಗದದ ಪಟ್ಟಿ ಮುಚ್ಚಿ, ಒಯ್ದು ಮೇಜಿನ ಮೇಲೆ ಸಾಲಾಗಿ ಇಟ್ಟೆ. ಗದ್ದಲ ಮಾಡುತ್ತಿದ್ದವರೆಲ್ಲ ಮೇಜಿನ ಸುತ್ತ ಬಂದು ಬಗ್ಗಿ ನೋಡಿದರು ಅಪ್ಪಾ. ಅವರೆಲ್ಲ ನಮ್ಮ ಅಮ್ಮನನ್ನೇ ನೋಡುತ್ತಿದ್ದಾರೆ ಅನ್ನಿಸಿತು.

ಆಮೇಲೆ ಮೇಡಂ "ಯಾರದಿದು?" ಅಂದರು. ಕೆಲಸದವರ ಮನೆಯವರ ಕೃತಿ ತಗೊಳ್ಳಬಾರದು ಅಂತ ನಿಯಮ ಇದೆ. ಅಮ್ಮನದು ಅಂದರೆ ಆರನ್ನೂ ಸುತ್ತಿ ವಾಪಸ್ ಕೊಡುತ್ತಾರೆ. ನನ್ನ ಬಾಯಿಂದ "ಗೊತ್ತಿಲ್ಲ ಮೇಡಂ, ಹಳೇದು" ಅಂತ ಬಂತು. ಹೆಸರಿನ ಜಾಗ ಖಾಲಿ ಬಿಟ್ಟೆ. ಖಾಲಿ ಬಿಟ್ಟದ್ದನ್ನು ಇನ್ಯಾರೋ ತುಂಬಿದರು. ಪ್ರತಿಗಳಲ್ಲಿ ಅಂಚು ಕತ್ತರಿಸಿದ್ದು ನಾನು. ವೃತ್ತ ತಿದ್ದಿದ್ದೂ ನಾನೇ, ಮೇಡಂ ಹೇಳಿದ್ದಕ್ಕೆ. ಐದನ್ನು ತಿದ್ದಿದೆ, ಆರನೆಯದಕ್ಕೆ ಕೈ ಬರಲಿಲ್ಲ. ನೀವು ಗುರುತಿಸಿದ್ದು ಅದನ್ನೇ. ಬೈಯಿರಿ, ಬೈಸಿಕೊಳ್ಳುತ್ತೇನೆ.

ಆದರೆ "ಮುಚ್ಚಿಟ್ಟವನಲ್ಲ" ಎಂಬ ಮಾತನ್ನು ಮಾತ್ರ ನುಂಗಲಾರೆ.

ಕಾರ್ಖಾನೆಯವರು ಇಪ್ಪತ್ತೈದು ವರ್ಷ ದುಡಿದ ಕಾರ್ಮಿಕರ ಇನ್ನೂರು ಅಭಿನಂದನಾಪತ್ರಗಳಿಗೆ ಕಟ್ಟು ಹಾಕಿಸಿದ ವಾರ ನೆನಪಿದೆಯೇ? ನನಗೆ ಹದಿನೈದು ವರ್ಷ. ಮೇಜಿನ ಕೆಳಗೆ ಕೂತು ಓದಿಕೊಳ್ಳುತ್ತಿದ್ದೆ. ಕೊನೆಯ ನಲವತ್ತಕ್ಕೆ ಹಿಂಬದಿಯ ರಟ್ಟು ಸಾಲಲಿಲ್ಲ, ಮಾರನೆಯ ದಿನವೇ ಸಮಾರಂಭ. ನೀವು ಬಾಗಿಲ ಹಿಂದಿದ್ದ ಅಮ್ಮನ ಚಿತ್ರಗಳ ಗುಡ್ಡೆಗೆ ಕೈ ಹಾಕಿದಿರಿ. ದೊಡ್ಡವನ್ನು ಚಾಕುವಿನಿಂದ ಅಳತೆಗೆ ಕೊಯ್ದು ಮಿಕ್ಕದ್ದನ್ನು ಎಸೆದಿರಿ. ಒಂದು ಹಸಿರು ತ್ರಿಕೋನ ಎರಡಾಗಿ, ಅರ್ಧ ನನ್ನ ಕಾಲ ಬಳಿ ಬಿತ್ತು. ಬಣ್ಣದ ಮುಖವನ್ನು ಯಾರದೋ ಅಭಿನಂದನಾಪತ್ರದ ಬೆನ್ನಿಗೆ ಒತ್ತಿ, ಮೊಳೆ ಹೊಡೆದು, ಮೇಲೆ ಕಂದು ಕಾಗದ ಅಂಟಿಸಿದಿರಿ. ಕೈಗೆ ಸಿಕ್ಕ ಆರನ್ನು ನಾನು ಭೂಪಟದ ಪುಸ್ತಕದೊಳಗೆ ಸೇರಿಸಿಕೊಂಡು ಓಡಿದೆ. ಅದಕ್ಕೇ ಆರಾದರೂ ಉಳಿದಿವೆ.

ನನ್ನ ಕಂಪನಿ ಅಮ್ಮನ ಹೆಸರು ಕಿತ್ತು ಚಿತ್ರವನ್ನು ಗೋಡೆಗೆ ಹಾಕಿತು. ನೀವು ಹೆಸರು, ಚಿತ್ರ ಎರಡನ್ನೂ ಒಳಗಿಟ್ಟು ಮೊಳೆ ಹೊಡೆದಿರಿ. ಆ ವಾರದ ನಂತರ ಅಮ್ಮ ಕುಂಚ ಮುಟ್ಟಿದ್ದನ್ನು ನೀವು ನೋಡಿದ್ದೀರಾ? ಯಾಕೆ ಅಂತ ಒಂದು ದಿನ ಕೇಳಿದ್ದೀರಾ?

ನಿಮ್ಮದೇ ಕೋಪ ಪಡೆದು ಹುಟ್ಟಿದ,
ಮಗಳು

*

ಫೆಬ್ರವರಿ 4

ಮಗಳೇ,

ನಿನ್ನ ಪತ್ರವನ್ನು ನಾಲ್ಕು ಚೂರು ಮಾಡಿದೆ. ಆಮೇಲೆ ಕಂದು ಕಾಗದದ ಪಟ್ಟಿ ಹಚ್ಚಿ ಅಂಟಿಸಿದೆ. ಮೂವತ್ತೆಂಟು ವರ್ಷದ ಕಸುಬು, ಹರಿದದ್ದನ್ನು ಹಾಗೇ ಬಿಡಲು ಕೈ ಕೇಳುವುದಿಲ್ಲ.

ಅಪ್ಪನಿಗೆ ಬುದ್ಧಿ ಹೇಳುವಷ್ಟು ದೊಡ್ಡವಳಾದೆ, ಸಂತೋಷ. ಆದರೆ ನಿನ್ನ ತಪ್ಪನ್ನು ನನ್ನ ತಲೆಗೆ ಕಟ್ಟಬೇಡ. ಅವು ನಾನು ಕಟ್ಟುಗಳಿಗೆ ಅಂಚು ಕೊಯ್ದು ಉಳಿದ ರಟ್ಟುಗಳು. ಬಳಿದದ್ದು ಪಟ್ಟಿಗಳಿಗೆ ಹಚ್ಚಿ ಮಿಕ್ಕ ಬಣ್ಣ. ಮಧ್ಯಾಹ್ನ ಗಿರಾಕಿ ಇಲ್ಲದಾಗ ಹೊತ್ತು ಹೋಗಲೆಂದು ಅವಳು ಏನೋ ಗೀಚುತ್ತಿದ್ದಳು, ನಾನು ಬೇಡ ಅನ್ನಲಿಲ್ಲ. ಎಷ್ಟು ಗಂಡಂದಿರು ಅಷ್ಟಾದರೂ ಬಿಡುತ್ತಾರೆ? ಆ ವಾರ ಕೆಲಸ ಮುಗಿಯದಿದ್ದರೆ ಕಾರ್ಖಾನೆಯವರು ಮತ್ತೆ ನಮ್ಮ ಮೆಟ್ಟಿಲು ಹತ್ತುತ್ತಿರಲಿಲ್ಲ. ಮತ್ತೆ ಕೇಳು: ಆ ಗುಡ್ಡೆಯಿಂದ ಒಂದೊಂದಾಗಿ ಎತ್ತಿ ನನ್ನ ಕೈಗೆ ಕೊಟ್ಟವಳು ನಿನ್ನಮ್ಮನೇ. ಬೇಡ ಎಂಬ ಒಂದು ಮಾತು ಆಡಲಿಲ್ಲ. ನಾನು ಕಸಿದುಕೊಂಡೆನೇನು?

ಆಮೇಲೆ ಅವಳು ಬಿಡಿಸುವುದನ್ನು ಬಿಟ್ಟಳು, ನಿಜ. ಬೆನ್ನುನೋವು ಇತ್ತು. ಮನೆಕೆಲಸ ಇತ್ತು. ಏನೇನೋ ಇತ್ತು.

ನೀನು ಮಾಡಿದ್ದು ಕಳ್ಳತನ, ನಾನು ಮಾಡಿದ್ದು ಕೆಲಸ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡ. ಇನ್ನು ಈ ವಿಷಯ ಬರೆಯಬೇಡ.

ಅಪ್ಪ

*

ಮಾರ್ಚ್ 8

ಮಗಳೇ,

ಬರೆಯಬೇಡ ಅಂದದ್ದಕ್ಕೆ ನೀನು ನಿಜವಾಗಿಯೂ ಬರೆಯಲಿಲ್ಲ. ಹುಟ್ಟಿದಾಗಿನಿಂದ ಹೇಳಿದ ಮಾತು ಕೇಳದವಳು ಈಗಲೇ ಕೇಳಬೇಕಿತ್ತೇ?

ಹೇಳುವುದೊಂದಿದೆ. ನೀನು ಬಿಟ್ಟರೆ ಯಾರಿಗೂ ಹೇಳುವ ಹಾಗಿಲ್ಲ.

ಕಾರ್ಖಾನೆಯ ನಿವೃತ್ತ ಲೇತ್ ಕೆಲಸದವರೊಬ್ಬರು ಹಿಂದಿನ ಬೀದಿಯಲ್ಲೇ ಇದ್ದಾರೆ. ಹೋದ ತಿಂಗಳು ಅವರ ಮನೆ ಮುಂದೆ ಹೋಗುವಾಗ ಕಾಲು ತಾನಾಗಿ ನಿಂತಿತು. ನಡುಮನೆಯ ಗೋಡೆಯ ಮೇಲೆ ನನ್ನದೇ ಕಟ್ಟು. "ಗಾಜು ಮಂಕಾಗಿದೆ, ಬಿಟ್ಟಿ ಒರೆಸಿಕೊಡ್ತೀನಿ" ಅಂದೆ. ಈ ವಯಸ್ಸಿನಲ್ಲಿ ಸುಳ್ಳು. ಅವರು ಖುಷಿಯಾಗಿ ಇಳಿಸಿಕೊಟ್ಟರು. ಅಲ್ಲೇ ನೆಲದ ಮೇಲೆ ಕೂತು ಕಂದು ಕಾಗದ ಸೀಳಿ, ಹನ್ನೆರಡು ಮೊಳೆ ಕಿತ್ತು, ರಟ್ಟು ಎತ್ತಿದೆ.

ನೀಲಿ. ಎರಡು ನೀಲಿ ಚೌಕ, ಒಂದಕ್ಕೊಂದು ಹೆಗಲು ತಾಗಿಸಿಕೊಂಡು. ನಡುವೆ ಬಿಳಿ ಗೆರೆ, ನೂಲಿನಷ್ಟು ತೆಳ್ಳಗೆ. ಹದಿಮೂರು ವರ್ಷ ಬೆಳಕು ಬೀಳದ ಬಣ್ಣ ನಿನ್ನೆ ಬಳಿದ ಹಾಗಿತ್ತು. ಮೂಲೆಯಲ್ಲಿ ಅವಳ ಹೆಸರು.

ಲೇತಿನವರು ಬಗ್ಗಿ ನೋಡಿ, "ಇದು ಇಷ್ಟು ದಿನ ನಮ್ಮನೇಲೇ ಇತ್ತಾ?" ಅಂದರು. ಅವರ ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದವರು, "ಅಯ್ಯೋ, ಮುಂದಿರೋದಕ್ಕಿಂತ ಹಿಂದಿರೋದೇ ಚೆನ್ನಾಗಿದೆಯಲ್ಲ ರೀ! ಯಾರು ಬಿಡ್ಸಿದ್ದು?" ಅಂದರು. ಮಗಳೇ, ನಾನು ಏನು ಹೇಳಿದೆ ಗೊತ್ತೇ? "ಯಾರೋ" ಅಂದೆ. ಬಾಯಿಂದ ಬಿದ್ದುಹೋಯಿತು. ಸೊಗಸಾಗಿದೆಯಲ್ಲ? ಅಜ್ಞಾತ ಅಂತ ಬರೆದದ್ದಕ್ಕೆ ನಿನ್ನನ್ನು ಹುರಿದು ಮುಕ್ಕಿದವನು ನಾನು.

ಬೇರೆ ರಟ್ಟು ಹಾಕಿಕೊಟ್ಟು ಅದನ್ನು ತಂದೆ. ಆಮೇಲೆ ಸುಮ್ಮನಿರಲು ಆಗಲಿಲ್ಲ. ಇಲ್ಲಿಯವರೆಗೆ ಹನ್ನೊಂದು ಮನೆ ಹತ್ತಿ ಇಳಿದಿದ್ದೇನೆ. ಸಿಕ್ಕಿದ್ದು ನಾಲ್ಕು. ಒಂದಕ್ಕೆ ಗೆದ್ದಲು ಹಿಡಿದಿತ್ತು. ಒಬ್ಬರು ಮನೆ ಬದಲಾಯಿಸುವಾಗ ಕಟ್ಟನ್ನೇ ಎಸೆದಿದ್ದರು. ಇನ್ನೊಂದು ಮನೆಯಲ್ಲಿ ಅಭಿನಂದನಾಪತ್ರದ ಹಿಂದೆ ನೀನು ಹೇಳಿದ ಹಸಿರು ತ್ರಿಕೋನ ಸಿಕ್ಕಿತು, ಅರ್ಧ ಮಾತ್ರ. ಕೊಯ್ದ ಅಂಚು ಎಷ್ಟು ನೇರವಾಗಿತ್ತು ಅಂದರೆ ನನ್ನ ಕೈಯ ಮೇಲೆ ನನಗೇ ಸಿಟ್ಟು ಬಂತು. ಒಳ್ಳೆಯ ಕೆಲಸಗಾರನಂತೆ!

ಎಲ್ಲವನ್ನೂ ಕನ್ನಡಿಗಳ ಹಿಂದೆ ಅಡಗಿಸಿಟ್ಟಿದ್ದೇನೆ. ಅವಳಿಗೆ ಹೇಳುವ ಧೈರ್ಯವಿಲ್ಲ. ನಲವತ್ತೂ ಸಿಕ್ಕ ಮೇಲೆ ಹೇಳೋಣ ಎಂದುಕೊಂಡಿದ್ದೇನೆ. ನೀನು ನಿನ್ನ ಕಡೆಯದನ್ನು ಸರಿಮಾಡು.

ಮೊಳೆ ಕೀಳುತ್ತಿರುವ,
ಅಪ್ಪ

*

ಮಾರ್ಚ್ 17

ಅಪ್ಪಾ,

ನಿಮ್ಮ ಪತ್ರವನ್ನು ಆಫೀಸಿನ ಮೆಟ್ಟಿಲ ಮೇಲೆ ಕೂತು ಮೂರು ಸಲ ಓದಿ, ಆ ಕಾಲಲ್ಲೇ ಸೋಫಾ ಮೇಡಂ ಕೋಣೆಗೆ ಹೋದೆ. ನಡೆದದ್ದನ್ನೆಲ್ಲ ಹೇಳಿದೆ. ಚೀಟಿಯ ಮೇಲೆ ನಮ್ಮ ಅಮ್ಮನ ಹೆಸರು ಹಾಕಬೇಕು ಅಂದೆ.

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಿಮ್ಮ ತಾಯಿ ಎಲ್ಲಿ ಕಲಿತದ್ದು?" ಅಂತ ಕೇಳಿದರು.

"ಎಲ್ಲೂ ಇಲ್ಲ. ಅಪ್ಪನ ಅಂಗಡೀಲಿ ಗಾಜು ಒರೆಸ್ತಾರೆ" ಅಂದೆ.

"ನೋಡಮ್ಮ, ಅಜ್ಞಾತ ಅಂದ್ರೆ ಅದಕ್ಕೊಂದು ತೂಕ ಇರುತ್ತೆ. ಜನ ಏನೇನೋ ಊಹೆ ಮಾಡ್ಕೋತಾರೆ. ಗಾಜು ಒರೆಸೋ ಹೆಂಗಸು ಅಂದ್ರೆ ಊಹೆ ಮಾಡಕ್ಕೆ ಏನಿದೆ?"

ನಗುತ್ತಲೇ ಅಂದರು ಅಪ್ಪಾ. ಅದೇ ಚಿತ್ರ, ಅದೇ ಗೆರೆ. ಸತ್ತ ಗಂಡಸು ಬಿಡಿಸಿದರೆ ಕಲೆ, ಬದುಕಿರುವ ಹೆಂಗಸು ಬಿಡಿಸಿದರೆ ಗೀಚು. ನನಗೆ ಮೈಯೆಲ್ಲ ಉರಿಯಿತು. ಆಗ ನೀವು ಬರೆದ "ಏನೋ ಗೀಚುತ್ತಿದ್ದಳು" ನೆನಪಾಯಿತು, ನಾನು ಅಂದ "ಗೊತ್ತಿಲ್ಲ, ಹಳೇದು" ಕೂಡ ನೆನಪಾಯಿತು. ಆ ಕೋಣೆಯಲ್ಲಿ ಬೈಯುವ ಯೋಗ್ಯತೆ ಇದ್ದವರು ಯಾರೂ ಇರಲಿಲ್ಲ.

ಕೊನೆಗೆ ಆದದ್ದು ಇಷ್ಟು. ನಿಯಮ ಮುರಿದದ್ದಕ್ಕೆ ನನಗೆ ಎಚ್ಚರಿಕೆಯ ಪತ್ರ. ಚಿತ್ರಗಳ ಮಾರಾಟ ನಿಲ್ಲಿಸುತ್ತಾರೆ. ಆದರೆ ಈಗಾಗಲೇ ಇನ್ನೂರ ಹನ್ನೆರಡು ಮನೆಗಳಿಗೆ ಹೋಗಿವೆ. "ಹೋಗಿದ್ದು ಹೋಯ್ತು, ಅದನ್ನ ಕೆದಕಬೇಡ" ಅಂದರು. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅಂತಾರಲ್ಲ, ಹಾಗೆ.

ಏನು ಮಾಡಬೇಕೋ ತೋಚುತ್ತಿಲ್ಲ. ರಜೆ ಸಿಕ್ಕ ಕೂಡಲೇ ಬರುತ್ತೇನೆ, ಇಬ್ಬರೂ ಸೇರಿ ಅಮ್ಮನಿಗೆ ಹೇಳೋಣ. ಅಲ್ಲಿಯವರೆಗೆ ಅವಳಿಗೆ ಗೊತ್ತಾಗುವುದು ಬೇಡ.

ಮಗಳು

*

ಮಾರ್ಚ್ 29

ನನ್ನ ಗಂಡನಿಗೂ ನನ್ನ ಮಗಳಿಗೂ,

ಈ ಪತ್ರವನ್ನು ಎರಡು ಸಲ ಬರೆದು ಎರಡು ಕಡೆಗೆ ಅಂಚೆಗೆ ಹಾಕಿದ್ದೇನೆ. ರೀ, ನಿಮ್ಮ ಪಕ್ಕದಲ್ಲೇ ಮಲಗುವವಳು ನಿಮಗೆ ಅಂಚೆಯಲ್ಲಿ ಯಾಕೆ ಬರೆಯುತ್ತಾಳೆ ಅಂದುಕೊಳ್ಳಬೇಡಿ. ನಾನು ಬಾಯಲ್ಲಿ ಹೇಳಿದ್ದು ನಿಮಗೆ ಕೇಳಿಸಿದ್ದಕ್ಕಿಂತ ಕೇಳಿಸದ್ದೇ ಹೆಚ್ಚು. ಅಂಚೆಯಲ್ಲಿ ಬಂದದ್ದನ್ನಾದರೂ ಒಡೆದು ಓದುತ್ತೀರಿ. ಅಂಚೆಯವರು ನನ್ನ ಕೈಗೆ ಕೊಟ್ಟರೆ ನಾನೇ ತಂದು ನಿಮ್ಮ ಮೇಜಿನ ಮೇಲೆ ಇಡುತ್ತೇನೆ.

ನಿಮ್ಮಿಬ್ಬರ ಪತ್ರಗಳು ಎಲ್ಲಿದ್ದವು ಗೊತ್ತೇ? ಗಾಜು ಒರೆಸುವ ಬಟ್ಟೆಗಳ ಖಾನೆಯಲ್ಲಿ. ಈ ಅಂಗಡಿಯಲ್ಲಿ ಮೂವತ್ತೊಂದು ವರ್ಷದಿಂದ ಗಾಜು ಒರೆಸುವವಳು ಯಾರು? ನನಗೆ ಗೊತ್ತಾಗಬಾರದು ಅಂತ ನನ್ನದೇ ಖಾನೆಯಲ್ಲಿ ಅಡಗಿಸಿಟ್ಟ ಬುದ್ಧಿವಂತರು ನೀವು. ಅವಳ ಉತ್ತರಗಳೂ, ನೀವು ಕಳಿಸುವ ಮೊದಲು ಚಿತ್ತು ಮಾಡಿ ಬರೆದಿಟ್ಟುಕೊಂಡ ಹಾಳೆಗಳೂ ಎಲ್ಲ ಅಲ್ಲೇ. ಹರಿದು ಅಂಟಿಸಿದ್ದೂ ಸಿಕ್ಕಿತು. ನಿಂತಲ್ಲೇ ಓದಿ ಮುಗಿಸಿದೆ.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅಂತಾರೆ. ಇಲ್ಲಿ ಅಪ್ಪ ಮಗಳ ಜಗಳದಲ್ಲಿ ತಾಯಿ ಬಡವಾದಳು. ಮೂರು ತಿಂಗಳು ನನ್ನ ಚಿತ್ರದ ಬಗ್ಗೆ ಪುಟಗಟ್ಟಲೆ ಬರೆದುಕೊಂಡಿದ್ದೀರಿ. ಒಂದು ಪತ್ರದಲ್ಲಾದರೂ "ಅಮ್ಮನನ್ನು ಕೇಳೋಣ" ಅಂತ ಇದೆಯೇ? ಹೇಳಬಾರದು, ಗೊತ್ತಾಗಬಾರದು, ಕಿವಿಗೆ ಬೀಳಬಾರದು, ಇಷ್ಟೇ. ನಾನೇನು ಗಾಜೇ, ಮುಟ್ಟಿದರೆ ಒಡೆಯಲು?

ಮೊದಲು ನಿಮಗೆ, ರೀ. ನಾನೇ ಎತ್ತಿ ಕೊಟ್ಟೆ ಅಂತ ಬರೆದಿದ್ದೀರಿ. ನಿಜ. ಆದರೆ ಕೇಳಿದ್ದು ಹೇಗೆ ಅಂತ ಬರೆಯಲಿಲ್ಲ. "ಲೇ, ಆ ರಟ್ಟು ಕೊಡು" ಅಂದಿರಿ. ಚಿತ್ರ ಕೊಡು ಅಂದಿದ್ದರೆ ನಾನು ಬೇಡ ಅನ್ನುತ್ತಿದ್ದೆ, ಜಗಳ ಆಡುತ್ತಿದ್ದೆ, ಅಂಗಡಿಯ ಮರ್ಯಾದೆ ಮುಖ್ಯ ಅಂತ ಒಪ್ಪಿಕೊಂಡರೂ ಒಪ್ಪಿಕೊಳ್ಳುತ್ತಿದ್ದೆ. ನೀವು ರಟ್ಟು ಅಂದಿರಿ. ಒಂಬತ್ತು ವರ್ಷ ನಿಮ್ಮ ಕಣ್ಣೆದುರು ಬಿಡಿಸಿದರೂ ನಿಮಗೆ ಕಂಡದ್ದು ರಟ್ಟು. ರಟ್ಟನ್ನು ಕೊಡಲ್ಲ ಅಂತ ಯಾರು ಜಗಳ ಆಡುತ್ತಾರೆ? ಕೊಟ್ಟೆ. ನಲವತ್ತು ಸಲ ಬಗ್ಗಿ ಎದ್ದು ಕೊಟ್ಟೆ. ಬೆನ್ನುನೋವು ಅಂತ ನೀವು ಬರೆದದ್ದು ಅದೇ ಇರಬೇಕು.

ಈಗ ನಿನಗೆ, ಮಗಳೇ. ಆರನ್ನು ಉಳಿಸಿಕೊಂಡೆ ಅಂತ ಹೆಮ್ಮೆಪಡುತ್ತೀಯ. ನೀನು ಭೂಪಟದಲ್ಲಿ ಸೇರಿಸಿಕೊಂಡದ್ದನ್ನು ನಾನು ನೋಡಿದ್ದೆ. ಒಂದು ದಿನ ತಂದು ಕೊಡುತ್ತಾಳೆ, "ಅಮ್ಮಾ, ಇದು ನಿನ್ನದು" ಅನ್ನುತ್ತಾಳೆ ಅಂತ ಕಾದೆ. ಹದಿಮೂರು ವರ್ಷ ಕಾದೆ. ನೀನು ಸೋಫಾಕ್ಕೆ ಕೊಟ್ಟೆ. ವೃತ್ತ ಬೇರೆ ತಿದ್ದಿದೆಯಂತೆ! ನೆಗ್ಗಿದ ಮುಚ್ಚಳ ಬಿಟ್ಟು ನೆಟ್ಟಗಿರುವ ಡಬ್ಬಿ ತೆಗೆದುಕೊಳ್ಳಲು ನನಗೆ ಗೊತ್ತಿರಲಿಲ್ಲವೇ? ಪೂರ್ತಿ ಗುಂಡಗಿದ್ದರೆ ಗೆರೆಯ ಮೇಲಿಂದ ಉರುಳಿಹೋಗುತ್ತದೆ. ಆ ಚಪ್ಪಟೆ ಇದ್ದದ್ದರಿಂದಲೇ ಅದು ಅಲ್ಲಿ ಕೂತಿತ್ತು. ಕೇಳಿದ್ದರೆ ಹೇಳುತ್ತಿದ್ದೆ.

ಸಿಟ್ಟು ಬಂದಿದೆ. ಬಹಳ ಬಂದಿದೆ. ಇಷ್ಟು ವರ್ಷದ್ದು ಒಟ್ಟಿಗೆ ಬಂದಿದೆ, ಹಾಗಾಗಿ ಇಬ್ಬರೂ ಸುಮ್ಮನೆ ಕೇಳಿಸಿಕೊಳ್ಳಿ.

ಮಗಳೇ, ಇನ್ನೂರ ಹನ್ನೆರಡು ಮನೆಗಳ ವಿಳಾಸ ನಿನ್ನ ಆಫೀಸಿನಲ್ಲಿದೆ. ಒಂದೊಂದು ಮನೆಗೂ ಒಂದೊಂದು ಚೀಟಿ ಬರಿ. ಯಂತ್ರದಲ್ಲಿ ಅಚ್ಚು ಹಾಕಬೇಡ, ಕೈಯಲ್ಲಿ ಬರಿ. ನನ್ನ ಪೂರ್ತಿ ಹೆಸರು, ಬದುಕಿದ್ದಾಳೆ ಎಂಬ ಮಾತು, ವೃತ್ತ ತಿದ್ದಿದ್ದು ನಾನು ಎಂಬ ತಪ್ಪೊಪ್ಪಿಗೆ. ನಿನ್ನ ಮೇಡಂ ಒಪ್ಪಲಿ ಬಿಡಲಿ. ಕೈ ನೋಯುತ್ತದೆ. ನೋಯಲಿ.

ರೀ, ನೀವು ಮನೆ ಮನೆ ಹತ್ತಿದ್ದನ್ನು ಓದಿ ಕಣ್ಣು ತುಂಬಿತು, ಸುಳ್ಳು ಯಾಕೆ ಹೇಳಲಿ. ಆದರೆ "ಯಾರೋ" ಅಂದಿರಲ್ಲ, ಅಲ್ಲಿಗೆ ಬಂದಾಗ ಕಣ್ಣು ಒಣಗಿತು. ಇನ್ನು ಮುಂದೆ ಹೋಗುವಾಗ ನಾನೂ ಬರುತ್ತೇನೆ. ಮೊಳೆ ನೀವು ತೆಗೆಯಿರಿ, ಚಿತ್ರ ನಾನು ತೆಗೆಯುತ್ತೇನೆ.

ಇನ್ನೊಂದು. ನೀವಿಬ್ಬರೂ ನಲವತ್ತು, ಆರು ಅನ್ನುತ್ತೀರಿ. ನಾನು ಬಿಡಿಸಿದ್ದು ನಲವತ್ತೇಳು. ಆ ದೊಡ್ಡ ಹಳದಿ ಚಿತ್ರ, ಮೂರು ತಿಂಗಳು ಹಿಡಿದದ್ದು, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು, ಅದು ಕಾರ್ಖಾನೆಗೆ ಹೋಗಲೇ ಇಲ್ಲ. ಅದೇ ವಾರ ನೀವು ಇನ್ನೊಂದಕ್ಕೂ ಕಟ್ಟು ಹಾಕಿದಿರಿ. ಯಾವುದು ಎಂದು ಮರೆತಿದ್ದೀರಿ. ಊರೆಲ್ಲ ಹುಡುಕಿದಿರಿ, ದೀಪದ ಕೆಳಗೆ ಕತ್ತಲು. ಈ ಪತ್ರ ಸಿಕ್ಕಿದ ಮೇಲೆ ತಲೆ ಎತ್ತಿ ನೋಡಿ.

ಇಂತಿ,
ಕಳೆದ ಶತಮಾನದ ಅಜ್ಞಾತ ಕಲಾವಿದ

*

ಏಪ್ರಿಲ್ 18

ಮಗಳೇ,

ನಿನ್ನಮ್ಮನ ಪತ್ರ ಬಂದ ದಿನ ಅಂಚೆಯವರು ಅವಳ ಕೈಗೇ ಕೊಟ್ಟರು. ಅವಳು ತಂದು ನನ್ನ ಮೇಜಿನ ಮೇಲೆ ಇಟ್ಟು, ಗಾಜು ಕೊಯ್ಯಲು ಕೂತಳು. ಓದಿದೆ. ತಲೆ ಎತ್ತಿದೆ.

ಪ್ರಶಸ್ತಿಪತ್ರ ಇರಲಿಲ್ಲ. ಅದೇ ಕಟ್ಟಿನಲ್ಲಿ ಹಳದಿ. ಗೋಡೆಯಲ್ಲಿ ಕಿಟಕಿ ಒಡೆದ ಹಾಗೆ ಹಳದಿ, ಅದರ ಮೇಲೆ ಮೂರು ಕಪ್ಪು ಗೆರೆ, ಒಂದು ಚಪ್ಪಟೆ ಮಗ್ಗುಲಿನ ಕೆಂಪು ವೃತ್ತ. ನಾನು ಅಂಗಡಿಗೆ ಇಳಿಯುವ ಮೊದಲೇ ಬಿಚ್ಚಿ ತಿರುಗಿಸಿ ಹಾಕಿದ್ದಾಳೆ. ಬೆಳಗಿನಿಂದ ಅದರ ಕೆಳಗೇ ಕೂತಿದ್ದೆ, ಗಮನಿಸಿರಲಿಲ್ಲ. ಅಂಚು ಮುಚ್ಚುವ ರಟ್ಟನ್ನು ತೆಗೆದುಬಿಟ್ಟಿದ್ದಾಳೆ, ಮೂಲೆಯ ಹೆಸರು ಬಾಗಿಲಿನಿಂದಲೇ ಓದಬಹುದು.

ನಿಜ ಹೇಳುತ್ತೇನೆ, ಮೊದಲು ಬಂದದ್ದು ಕೋಪವೇ. ಹದಿಮೂರು ವರ್ಷ ಬಂದವರಿಗೆಲ್ಲ ತೋರಿಸಿದ ಪತ್ರ ಅದು. ಬಾಯಿ ತೆರೆದೆ. "ಪ್ರಾಮಾಣಿಕ" ಎಂಬ ಪದ ನೆನಪಾಗಿ ಬಾಯಿ ಮುಚ್ಚಿದೆ.

ಆಮೇಲೆ ಅವಳೂ ನಾನೂ ಸೇರಿ ಆರು ಮನೆಗೆ ಹೋದೆವು. ಮೂರು ಸಿಕ್ಕವು. ಹಸಿರಿನ ಇನ್ನೊಂದು ಅರ್ಧ ಸಿಗಲಿಲ್ಲ, ಸಿಗುವುದೂ ಇಲ್ಲವೇನೋ. ಅವಳು ಈ ಅರ್ಧವನ್ನು ಬಹಳ ಹೊತ್ತು ನೋಡಿ, "ಇರಲಿ, ಅರ್ಧಾನೇ ಕಟ್ಟು ಹಾಕಿ" ಅಂದಳು. ಕೊಯ್ದ ಅಂಚು ಕಾಣುವ ಹಾಗೆ ಹಾಕಿಕೊಟ್ಟೆ. ಇನ್ನೂ ನನ್ನ ಜೊತೆ ಹೆಚ್ಚು ಮಾತಿಲ್ಲ. ಕೇಳಿದ್ದಕ್ಕೆ ಉತ್ತರ, ಅಷ್ಟೇ. ಆದರೆ ನೆಗ್ಗಿದ ಮುಚ್ಚಳ ಈಗ ಅವಳ ಮೇಜಿನ ಮೇಲಿದೆ, ಅದರ ಅಂಚಿಗೆ ಹಸಿ ಬಣ್ಣ ಅಂಟಿದೆ. ನಾನು ನೋಡಿದೆ ಅಂತ ಅವಳಿಗೆ ಹೇಳಿಲ್ಲ. ಇಲ್ಲ, ಇವತ್ತು ಹೇಳುತ್ತೇನೆ.

ನೀನು ಚೀಟಿ ಬರೆದು ಮುಗಿಸಿದ ಸುದ್ದಿ ಹಲ್ಲಿನ ಡಾಕ್ಟರಿಂದ ಗೊತ್ತಾಯಿತು. ಅವರಿಗೂ ಚೀಟಿ ಬಂದಿದೆ, ಗೋಡೆಗೆ ಅಂಟಿಸಿದ್ದಾರೆ. ಅದನ್ನು ಓದಿಕೊಂಡು ನಿನ್ನೆ ಅಂಗಡಿಗೆ ಬಂದರು. ಹಳದಿಯ ಮುಂದೆ ನಿಂತು, "ಇದೂ ಅವರದ್ದೇನಾ? ಯಾರು ಅವರು? ನಿಮಗೆ ಗೊತ್ತಾ?" ಅಂತ ನನ್ನನ್ನೇ ಕೇಳಿದರು. ನಿನ್ನಮ್ಮ ಪಕ್ಕದಲ್ಲೇ ಗಾಜು ಒರೆಸುತ್ತಿದ್ದಳು. ನಾನು ಅವಳ ಕಡೆ ನೋಡಿದೆ. ಅವಳು ತಲೆ ಎತ್ತಲಿಲ್ಲ. "ಇವರೇ ಹೇಳ್ಲಿ ಬಿಡಿ ಡಾಕ್ಟ್ರೇ, ಅಭ್ಯಾಸ ಆಗ್ಲಿ" ಅಂದಳು.

ಮದುವೆಯಾಗಿ ಮೂವತ್ತೊಂದು ವರ್ಷದಲ್ಲಿ ನಾನು ಅವಳನ್ನು ಹೆಸರು ಹಿಡಿದು ಕರೆದದ್ದಿಲ್ಲ. ಲೇ, ಇವಳೇ, ನೋಡು, ಇಷ್ಟರಲ್ಲೇ ಸಂಸಾರ ಮುಗಿದಿತ್ತು. ಅವಳ ಕಡೆ ಕೈ ತೋರಿಸಿ ಅವಳ ಪೂರ್ತಿ ಹೆಸರು ಹೇಳಿದೆ. ದನಿ ಸ್ವಲ್ಪ ಒಡೆಯಿತು. ಡಾಕ್ಟರಿಗೆ ಸರಿಯಾಗಿ ಕೇಳಿಸಲಿಲ್ಲ, ಇನ್ನೊಂದು ಸಲ ಹೇಳಿ ಅಂದರು. ಎರಡನೆಯ ಸಲ ಸಲೀಸಾಗಿ ಬಂತು.

ನೀನು ಬಂದಾಗ ಆ ಆರನ್ನೂ ತಗೊಂಡು ಬಾ. ಅವಳ ಕೈಗೇ ಕೊಡು.

ಪ್ರಶಸ್ತಿಪತ್ರ ಎಲ್ಲಿಟ್ಟೆ ಅಂತ ಅವಳನ್ನು ಕೇಳಿದೆ. ಕಟ್ಟಿನೊಳಗೇ ಇದೆಯಂತೆ, ಹಳದಿಯ ಹಿಂದೆ, ಗೋಡೆಗೆ ಮುಖ ಮಾಡಿಕೊಂಡು. ಅಲ್ಲೇ ಇರಲಿ ಅಂದೆ. ಹಿಂಬದಿಗೆ ಅದು ಒಳ್ಳೆಯ ರಟ್ಟು.

ಅಪ್ಪ